ಹದ್ದು ಸುತ್ತುವ ಎತ್ತರ, ವಿಮಾನ ಇಳಿಯುವ ಎತ್ತರ

ಸಾಂಬ್ರಾ ವಿಮಾನ ನಿಲ್ದಾಣದ ಸುತ್ತಮುತ್ತಲಿನ ಹಕ್ಕಿಗಳ ಮಾತು ಬಂದಾಗಲೆಲ್ಲ ಬೆಳಗಾವಿಯಲ್ಲಿ ಒಂದು ಪ್ರಶ್ನೆ ಏಳುತ್ತದೆ: ಮೂವತ್ತು ಸಾವಿರ ಅಡಿಯ ಮೇಲೆ ಹೋಗುವ ವಿಮಾನಕ್ಕೆ ಹದ್ದು ಎದುರಾಗುವುದಾದರೂ ಎಲ್ಲಿ? ಪ್ರಶ್ನೆ ಸಹಜವಾದದ್ದೇ, ಆದರೆ ಅದು ನಮ್ಮ ಕಣ್ಣನ್ನು ನೋಡಬೇಕಾದ ಕಡೆಯಿಂದ ಬೇರೆಡೆಗೆ ಸೆಳೆಯುತ್ತದೆ.

ಹಾಗೆಂದು ಹಕ್ಕಿಗಳು ಅಷ್ಟು ಎತ್ತರಕ್ಕೆ ಏರುವುದೇ ಇಲ್ಲವೆಂದಲ್ಲ. 1973ರ ನವೆಂಬರ್ 29ರಂದು ಪಶ್ಚಿಮ ಆಫ್ರಿಕಾದ ಅಬಿಜಾನ್ ನಗರದ ಮೇಲೆ, 37,000 ಅಡಿ ಎತ್ತರದಲ್ಲಿ ಒಂದು ರಪೆಲ್ ರಣಹದ್ದು ವಿಮಾನದ ಎಂಜಿನ್ನಿಗೆ ಸಿಕ್ಕಿತು. ಅದು ಯಾವ ಹಕ್ಕಿಯೆಂಬುದು ಉಳಿದ ಗರಿಗಳಿಂದ ತಿಳಿಯಿತು. ಚಳಿಗಾಲದಲ್ಲಿ ಆಲಮಟ್ಟಿ ಹಿನ್ನೀರಿಗೆ ಬರುವ ಪಟ್ಟೆತಲೆಯ ಹೆಬ್ಬಾತುಗಳ ಜಾತಿಯೂ ಹಿಮಾಲಯವನ್ನು ದಾಟುವಾಗ 7,290 ಮೀಟರ್‌ವರೆಗೆ ಏರಿದ ದಾಖಲೆಯಿದೆ. ಆದರೆ ಅವೂ ಬಹುಪಾಲು ಕಣಿವೆಗಳ ಏರಿಳಿತವನ್ನೇ ಹಿಡಿದು, ಸಾಧ್ಯವಾದಷ್ಟು ಕೆಳಗೇ ಸಾಗುತ್ತವೆ. ಇವು ಅಪರೂಪದ ಸಂಗತಿಗಳು. ಢಿಕ್ಕಿಗಳಲ್ಲಿ ಹೆಚ್ಚಿನವು ನಡೆಯುವುದು 3,000 ಅಡಿಗಿಂತ ಕೆಳಗೆ, ವಿಮಾನ ಏರುವಾಗ ಅಥವಾ ಇಳಿಯುವಾಗ.

ಈ ಸಮಸ್ಯೆಗೆ ವಿಮಾನದಷ್ಟೇ ವಯಸ್ಸು. 1905ರಲ್ಲಿ ಆರ್ವಿಲ್ ರೈಟ್ ಅವರ ವಿಮಾನಕ್ಕೆ ಹಕ್ಕಿಯೊಂದು ಬಡಿಯಿತು, 1912ರಲ್ಲಿ ಇದೇ ಕಾರಣಕ್ಕೆ ಮೊದಲ ಬಾರಿಗೆ ಒಬ್ಬ ಪೈಲಟ್ ಸತ್ತರು, 1960ರಲ್ಲಿ ಬಾಸ್ಟನ್ನಿನಲ್ಲಿ ಸ್ಟಾರ್ಲಿಂಗ್ ಎಂಬ ಪುಟ್ಟ ಹಕ್ಕಿಗಳ ಹಿಂಡು ವಿಮಾನದ ಎಂಜಿನ್ನಿಗೆ ನುಗ್ಗಿ 62 ಜನರನ್ನು ಬಲಿ ಪಡೆಯಿತು, 2009ರಲ್ಲಿ ಹಕ್ಕಿಗಳು ಬಡಿದು ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ಇಳಿದ ವಿಮಾನದ 155 ಜನರೂ ಬದುಕಿ ಉಳಿದರು.

ನಮ್ಮ ದೇಶದಲ್ಲಿ ಕಥೆಯ ಎಳೆ ಆಕಾಶಕ್ಕಿಂತ ಹೆಚ್ಚಾಗಿ ನೆಲಕ್ಕೆ ಅಂಟಿಕೊಂಡಿದೆ. 1937ರ ವಿಮಾನ ನಿಯಮಗಳಲ್ಲಿರುವ 91ನೆಯ ನಿಯಮವು ನಿಲ್ದಾಣದಿಂದ ಹತ್ತು ಕಿ.ಮೀ. ದೂರದೊಳಗೆ ಪ್ರಾಣಿಗಳನ್ನು ಕೊಯ್ಯುವುದನ್ನೂ ಚರ್ಮ ಸುಲಿಯುವುದನ್ನೂ ರಣಹದ್ದು ಮುಂತಾದ ಹಕ್ಕಿಗಳನ್ನು ಸೆಳೆಯುವ ಕಸವನ್ನು ಎಸೆಯುವುದನ್ನೂ ನಿಷೇಧಿಸುತ್ತದೆ. ಹತ್ತು ಕಿ.ಮೀ. ಎಂಬುದು ಸುಮ್ಮನೆ ಬರೆದ ಅಂಕಿಯಲ್ಲ. ಮೂರು ಡಿಗ್ರಿ ಇಳಿಜಾರಿನಲ್ಲಿ ಇಳಿಯುವ ವಿಮಾನ ರನ್‌ವೇಯಿಂದ ಅಷ್ಟು ದೂರದಲ್ಲಿರುವಾಗ ನೆಲದಿಂದ ಸುಮಾರು 1,700 ಅಡಿ ಎತ್ತರದಲ್ಲಿರುತ್ತದೆ. ಬಿಸಿಗಾಳಿಯ ಸುಳಿ ಹಿಡಿದ ಹದ್ದು ರೆಕ್ಕೆ ಬಡಿಯದೆ ಅಲ್ಲಿಗೆ ಏರಬಲ್ಲದು.

ನಿಯಮದಲ್ಲಿ ಹೆಸರು ಪಡೆದ ರಣಹದ್ದು ಮಾತ್ರ ಈಗ ಕಣ್ಣಿಗೆ ಬೀಳುವುದಿಲ್ಲ. ಮೊದಲು ಸತ್ತ ಎಮ್ಮೆಯನ್ನು ಊರ ಹೊರಗೆ ಹಾಕಿದರೆ ಕೆಲವೇ ತಾಸಿನಲ್ಲಿ ಎಲುಬು ಮಾತ್ರ ಉಳಿಯುತ್ತಿತ್ತು. ದನಕರುಗಳಿಗೆ ನೋವಿಗೆಂದು ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿಯ ಅಂಶ ಹೆಣದ ಮೂಲಕ ಹೊಟ್ಟೆ ಸೇರಿ, ಮೂತ್ರಪಿಂಡ ಕೆಟ್ಟು ಈ ಹಕ್ಕಿಗಳು ಸತ್ತವು. ಬಿಳಿಬೆನ್ನಿನ ರಣಹದ್ದುಗಳ ಸಂಖ್ಯೆ 1992 ಮತ್ತು 2007ರ ನಡುವೆ ದೇಶದಲ್ಲಿ ಶೇ 99ಕ್ಕಿಂತ ಹೆಚ್ಚು ಕುಸಿಯಿತು. ಪಶುವೈದ್ಯಕೀಯದಲ್ಲಿ ಆ ಔಷಧಿಯ ನಿಷೇಧ ಬಂದದ್ದು 2006ರಲ್ಲಿ. ಹೆಣ ಮತ್ತು ಕಸ ಮಾತ್ರ ಕಡಿಮೆಯಾಗಲಿಲ್ಲ. ಆ ಪಾಲು ಬೀದಿನಾಯಿಗಳಿಗೂ ಹದ್ದುಗಳಿಗೂ ಹೋಯಿತು. ಭಾರವಾದ ಹಕ್ಕಿಯ ಬದಲು ಹಗುರವಾದದ್ದು ಬಂದಿತೆಂದು ಸಮಾಧಾನಪಡಬಹುದಿತ್ತು, ಆದರೆ ಪೆಟ್ಟಿನ ಲೆಕ್ಕದಲ್ಲಿ ತೂಕಕ್ಕಿಂತ ವೇಗದ ಪಾತ್ರ ದೊಡ್ಡದು: ವೇಗ ಎರಡು ಪಟ್ಟಾದರೆ ಪೆಟ್ಟು ನಾಲ್ಕು ಪಟ್ಟಾಗುತ್ತದೆ.

ಸಾಂಬ್ರಾ ನಿಲ್ದಾಣ 1942ರಷ್ಟು ಹಳೆಯದು. 2017ರಲ್ಲಿ ಹೊಸ ಟರ್ಮಿನಲ್ ಬಂದಿತು, 2019ರಲ್ಲಿ ಸಣ್ಣ ನಗರಗಳಿಗೆ ವಿಮಾನ ಸಂಪರ್ಕ ಕಲ್ಪಿಸುವ ಕೇಂದ್ರದ ಉಡಾನ್ ಯೋಜನೆಯ ಮೂರನೆಯ ಹಂತದಲ್ಲಿ ಮಾರ್ಗಗಳು ಹೆಚ್ಚಿದವು. ಇದೇ ಅವಧಿಯಲ್ಲಿ ನಗರವೂ ಪೂರ್ವಕ್ಕೆ ಚಾಚಿಕೊಂಡಿತು. ಬಾಳೇಕುಂದ್ರಿ, ಮುತಗಾ ಕಡೆಯ ಹೊಲಗಳಲ್ಲಿ ಟ್ರ್ಯಾಕ್ಟರ್ ಹಿಂದೆ ಬೆಳ್ಳಕ್ಕಿಗಳ ಸಾಲು ನಡೆಯುತ್ತದೆ. ಕಬ್ಬಿನ ರವದಿಗೆ ಬೆಂಕಿ ಹಚ್ಚಿದರೆ ಹೊಗೆಯ ಅಂಚಿನಲ್ಲಿ ಹದ್ದುಗಳು ಸುತ್ತತೊಡಗಿ, ಕಾವಿಗೆ ಹೆದರಿ ಹೊರಬಿದ್ದ ಮಿಡತೆ, ಇಲಿಗಳನ್ನು ಕಾಲಲ್ಲಿ ಎತ್ತಿಕೊಂಡು ಹಾರುತ್ತಲೇ ತಿನ್ನುತ್ತವೆ. ಇದು ಒಕ್ಕಲುತನದ ಸಹಜ ಸಂಗಡ, ಅದನ್ನು ತಡೆಯಲಾಗದು. ಆದರೆ ಭಾನುವಾರದ ಮಾಂಸದ ಅಂಗಡಿಯ ಕಳ್ಳು ಪಚ್ಚಿ ಚೀಲದಲ್ಲಿ ಕಟ್ಟಿ ಹಳ್ಳದ ದಂಡೆಗೆ ಬೀಳುವುದನ್ನು ಒಕ್ಕಲುತನದ ಲೆಕ್ಕಕ್ಕೆ ಸೇರಿಸುವುದು ಕಷ್ಟ.

ನಿಲ್ದಾಣಗಳಲ್ಲಿ ಪರಿಹಾರವೆಂದರೆ ಮೊದಲು ನೆನಪಾಗುವುದು ಪಟಾಕಿ. ಅದರ ಸದ್ದಿಗೆ ಹಕ್ಕಿ ಏಳುತ್ತದೆ, ಆದರೆ ತಿನಿಸು ಇದ್ದಲ್ಲಿಗೇ ಮರಳುತ್ತದೆ. ಹುಲ್ಲಿನ ವಿಷಯ ಇನ್ನೂ ಜಟಿಲವಾಗಿದೆ. ರನ್‌ವೇ ಪಕ್ಕದ ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿದರೆ, ಬಯಲು ನೆಲದಲ್ಲಿ ಕಲ್ಲುಹರಳುಗಳ ನಡುವೆ ನಾಲ್ಕು ಮೊಟ್ಟೆಯಿಡುವ ಟಿಟ್ಟಿಭಕ್ಕೆ ಅನುಕೂಲ. ಉದ್ದ ಬಿಟ್ಟರೆ ಇಲಿಗಳು ಹೆಚ್ಚಿ ಅವುಗಳ ಹಿಂದೆ ಹದ್ದು ಬರುತ್ತದೆ. ಮಳೆಗಾಲದಲ್ಲಿ ಎರೆಹುಳು ಮೇಲೆದ್ದು ಹುಲ್ಲು ದಿನದಿನಕ್ಕೂ ಬೆಳೆಯುವಾಗ, ಎಷ್ಟು ಎತ್ತರಕ್ಕೆ ಕತ್ತರಿಸಬೇಕೆಂಬ ಪ್ರಶ್ನೆ ಪ್ರತಿ ವಾರವೂ ಹೊಸದಾಗಿ ಎದುರಾಗುತ್ತದೆ.