ಗುಂಡು ಮಗುವಿನ ಅಳತೆಗೋಲು ಎಲ್ಲಿಂದ ಬಂತು?

ಅಂಗನವಾಡಿಯಲ್ಲಿ ನೇತುಹಾಕಿದ ತಕ್ಕಡಿಯ ಜೋಳಿಗೆಗೆ ಮಗುವನ್ನು ಇಳಿಬಿಡುತ್ತಾರೆ. ಮಗು ಕಾಲು ಝಾಡಿಸಿ ಅಳುತ್ತದೆ. ಮುಳ್ಳು ಅಲುಗಾಡಿ ನಿಂತ ಮೇಲೆ ಕಾರ್ಯಕರ್ತೆ ತಾಯಿ ಕಾರ್ಡಿನಲ್ಲಿ ಒಂದು ಚುಕ್ಕೆ ಇಡುತ್ತಾರೆ. ಹಸಿರು ಪಟ್ಟಿಯಲ್ಲಿ ಬಿದ್ದರೆ ಸರಿ. ಹಳದಿಗೆ ಇಳಿದರೆ ತೂಕ ಕಡಿಮೆ, ಕಿತ್ತಳೆಗೆ ಇಳಿದರೆ ತೀರಾ ಕಡಿಮೆ. ಚುಕ್ಕೆ ಹಸಿರಿನಲ್ಲೇ ಇದ್ದರೂ ಮನೆಗೆ ಬಂದ ನೆಂಟರ ಮಾತು ಬೇರೆ: "ಯಾಕಮ್ಮ, ಮಗು ಮೈ ಹಿಡಿದೇ ಇಲ್ಲ? ನಿನಗೆ ಹಾಲು ಸಾಲ್ತಿಲ್ವೇನೋ. ಡಬ್ಬಿ ಹಾಲು ಶುರು ಮಾಡು."

ಈ ಮಾತು ಸುಮ್ನೆ ಹುಟ್ಟಿದ್ದಲ್ಲ. ಅದರ ಹಿಂದೆ ನೂರು ವರ್ಷಕ್ಕೂ ಜಾಸ್ತಿ ಕಾಲದ ವ್ಯಾಪಾರವಿದೆ, ಜೊತೆಗೆ ಒಂದು ತೂಕದ ಪಟ್ಟಿಯ ಕಥೆಯೂ ಇದೆ. ಸುಮಾರು ಮೂವತ್ತು ವರ್ಷ ಜಗತ್ತಿನ ಮಕ್ಕಳನ್ನೆಲ್ಲ ಹೋಲಿಸಿ ನೋಡಿದ ಆ ಪಟ್ಟಿ, ಹೆಚ್ಚಾಗಿ ಬಾಟ್ಲಿ ಹಾಲು ಕುಡಿದು ಬೆಳೆದ ಅಮೆರಿಕದ ಮಕ್ಕಳದ್ದು. ಎಷ್ಟೋ ತಾಯಂದಿರು ತಮ್ಮದಲ್ಲದ ತಪ್ಪಿಗೆ ನೊಂದುಕೊಂಡರಲ್ಲ, ಅದಕ್ಕೇ ಈ ಕಥೆಯನ್ನು ಬಿಡಿಸಿ ಹೇಳಬೇಕು.

ಡಬ್ಬಿ ಬರುವ ಮೊದಲು, ತಾಯಿ ಇಲ್ಲದ ಕೂಸಿಗೆ ಮತ್ತೊಬ್ಬ ಬಾಣಂತಿ ಹಾಲು ಕೊಡಬೇಕಿತ್ತು. ಇಲ್ಲವೇ ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಹನಿ ಹನಿಯಾಗಿ ಕುಡಿಸಬೇಕಿತ್ತು. ಅಂಥ ಎಷ್ಟೋ ಕೂಸುಗಳು ಉಳಿಯುತ್ತಿರಲಿಲ್ಲ. ಹಾಗಾಗಿ 1867ರಲ್ಲಿ ಸ್ವಿಟ್ಜರ್ಲೆಂಡಿನ ವೆವೆ ಊರಿನಲ್ಲಿ ಹೆನ್ರಿ ನೆಸ್ಲೆ ಹಾಲು, ಗೋಧಿ ಹಿಟ್ಟು, ಸಕ್ಕರೆ ಸೇರಿಸಿ ಪುಡಿ ಮಾಡಿದಾಗ ಅದು ನಿಜವಾದ ಕಷ್ಟಕ್ಕೆ ಸಿಕ್ಕ ಉತ್ತರವೇ ಆಗಿತ್ತು. ತೊಂದರೆ ಶುರುವಾಗಿದ್ದು ಆಮೇಲೆ. ತಾಯಿ ಇಲ್ಲದ ಕೂಸುಗಳನ್ನಷ್ಟೇ ನಂಬಿಕೊಂಡರೆ ದೊಡ್ಡ ವ್ಯಾಪಾರ ನಡೆಯುವುದಿಲ್ಲ. ಹಾಲಿರುವ ತಾಯಿಯೂ ಡಬ್ಬಿ ಕೊಳ್ಳಬೇಕು.

ಅದಕ್ಕೆ ಗುಂಡು ಮಗುವಿನ ಚಿತ್ರ ಬೇಕಾಯಿತು. 1908ರಲ್ಲಿ ಲಂಡನ್ನಿನ ಮಾರುಕಟ್ಟೆಗೆ ಬಂದ ಗ್ಲಾಕ್ಸೋ ಹಾಲಿನ ಪುಡಿ, ದಷ್ಟಪುಷ್ಟ ಮಕ್ಕಳನ್ನು ಬೆಳೆಸುತ್ತದೆ ಎಂಬ ಘೋಷಣೆಯ ಮೇಲೇ ಹೆಸರು ಮಾಡಿತು. 1920ರ ದಶಕದಲ್ಲಿ ಮುಂಬೈಯ ಏಜೆನ್ಸಿಯೊಂದು ಅದನ್ನು ನಮ್ಮಲ್ಲಿ ಮಾರತೊಡಗಿತು. ಕೆನ್ನೆ ಉಬ್ಬಿ, ತೋಳಿನಲ್ಲಿ ಮಡಿಕೆ ಬಿದ್ದ ಮಗುವೇ ಆರೋಗ್ಯವಂತ ಮಗು ಎಂಬ ಚಿತ್ರ ಮನೆಮನೆಗೆ ಹೊಕ್ಕಿತು. "ಗ್ಲಾಕ್ಸೋ ಬೇಬಿ" ಎಂಬ ಮಾತು ಹಳಬರಿಗೆ ಇನ್ನೂ ನೆನಪಿದೆ.

ಇದರ ಅಪಾಯವನ್ನು ಮೊದಮೊದಲು ಬಾಯಿಬಿಟ್ಟು ಹೇಳಿದವರಲ್ಲಿ ಒಬ್ಬರು ವೈದ್ಯೆ ಸಿಸಿಲಿ ವಿಲಿಯಮ್ಸ್. ಅವರು ಸಿಂಗಪುರದಲ್ಲಿ ಕೆಲಸ ಮಾಡುತ್ತಿದ್ದಾಗ, ನರ್ಸ್ ವೇಷದ ಹೆಂಗಸರು ಬಾಣಂತಿಯರಿಗೆ ಸಿಹಿ ಹಾಕಿದ ಗಟ್ಟಿ ಹಾಲಿನ ಡಬ್ಬಿಗಳನ್ನು ಮಾರುವುದನ್ನು ಕಂಡರು. 1939ರಲ್ಲಿ ಅಲ್ಲಿನ ರೋಟರಿ ಕ್ಲಬ್ಬಿನಲ್ಲಿ "ಹಾಲು ಮತ್ತು ಕೊಲೆ" ಎಂಬ ಹೆಸರಿಟ್ಟೇ ಭಾಷಣ ಮಾಡಿದರು. ಎದೆಹಾಲು ಬಿಡಿಸುವ ಪ್ರಚಾರದಿಂದ ಕೂಸು ಸತ್ತರೆ ಅದನ್ನು ಕೊಲೆಯೆಂದೇ ಎಣಿಸಬೇಕು ಎಂದರು. ಅಂಥ ಧೈರ್ಯ ಇವತ್ತಿಗೂ ಅಪರೂಪ.

ಭಾರತದ ಕಥೆಯಲ್ಲಿ ಮೈಸೂರು ಬರುತ್ತದೆ. ಸ್ವಾತಂತ್ರ್ಯದ ಹೊಸತರಲ್ಲಿ ಮಕ್ಕಳ ಹಾಲಿನ ಪುಡಿ ಹೊರದೇಶದಿಂದ ಬರಬೇಕಿತ್ತು. ಅದಕ್ಕೆ ವಿದೇಶಿ ಹಣ ಸುರಿಯಬೇಕಿತ್ತು. ನಮ್ಮಲ್ಲಿ ಜಾಸ್ತಿ ಇದ್ದದ್ದು ಎಮ್ಮೆ ಹಾಲು. ಅದರಲ್ಲಿ ಕೊಬ್ಬು ಹೆಚ್ಚು, ಮಗುವಿನ ಹೊಟ್ಟೆಯಲ್ಲಿ ಗಟ್ಟಿಯಾಗಿ ಒಡೆಯುತ್ತದೆ, ಅದರಿಂದ ಶಿಶು ಆಹಾರ ಆಗದು ಎಂಬ ಮಾತಿತ್ತು. 1950ರಲ್ಲಿ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಶುರುವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳು ಅದೇ ಎಮ್ಮೆ ಹಾಲನ್ನು ಹದ ಮಾಡಿ ಶಿಶು ಆಹಾರ ತಯಾರಿಸಿ ತೋರಿಸಿದರು. ಆ ವಿಧಾನ ಗುಜರಾತಿನ ಆನಂದ್ ಊರಿಗೆ ಹೋಯಿತು, ಅಮುಲ್ ಡಬ್ಬಿಯಾಗಿ ದೇಶವೆಲ್ಲ ಹರಡಿತು. ಇದು ಹೆಮ್ಮೆಯ ಕೆಲಸವೇ. ಆದರೆ ಸ್ವದೇಶಿ ಡಬ್ಬಿಯೂ ಡಬ್ಬಿಯೇ ಅಲ್ವಾ? ಬೆಲೆ ಕೈಗೆಟುಕುವಂತಾದಾಗ, ಬೇಕಿಲ್ಲದ ಮನೆಗಳಿಗೂ ಅದು ಬಂತು.

ಬಂದ ಮೇಲೆ ಆಗುವುದು ಇಷ್ಟು. ಮಗು ಚೀಪಿದಷ್ಟೂ ಎದೆಯಲ್ಲಿ ಹಾಲು ಹೆಚ್ಚುತ್ತದೆ. ಹಾಲು ಸಾಲದೆಂದು ಒಂದು ಹೊತ್ತು ಬಾಟ್ಲಿ ಕೊಟ್ಟರೆ ಮಗು ಅಷ್ಟು ಕಡಿಮೆ ಚೀಪುತ್ತದೆ, ಹಾಲೂ ಇಳಿಯುತ್ತದೆ. ಮೊದಲು ಬರೀ ಭಯವಾಗಿದ್ದದ್ದು ವಾರ ಕಳೆಯುವಷ್ಟರಲ್ಲಿ ನಿಜವೇ ಆಗಿಬಿಡುತ್ತದೆ. ಬಡವರ ಮನೆಯಲ್ಲಿ ಡಬ್ಬಿ ಬೇಗ ಮುಗಿಯದಿರಲೆಂದು ಪುಡಿ ಕಡಿಮೆ ಹಾಕಿ ನೀರು ಜಾಸ್ತಿ ಬೆರೆಸುತ್ತಾರೆ. ಆ ನೀರು ಚೊಕ್ಕವಾಗಿಲ್ಲದಿದ್ದರೆ ಭೇದಿ ಹತ್ತುತ್ತದೆ.

ಇನ್ನು ಆ ಪಟ್ಟಿಯ ಕಥೆ. ಅಮೆರಿಕದ ಒಹಾಯೊ ರಾಜ್ಯದಲ್ಲಿ ಯೆಲ್ಲೊ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿದೆ. ಅಲ್ಲಿನ ಫೆಲ್ಸ್ ಸಂಸ್ಥೆ 1929ರಿಂದ ಆ ಸುತ್ತಿನ ಬಿಳಿಯರ ಮಕ್ಕಳನ್ನು ಅಳೆಯುತ್ತಾ ಬಂತು. ಮಕ್ಕಳು ಹೆಚ್ಚಾಗಿ ಬಾಟ್ಲಿ ಹಾಲಿನವರು. ಹುಟ್ಟಿದ ಮೊದಲ ತಿಂಗಳುಗಳು ದಾಟಿದ ಮೇಲೆ ಮೂರು ತಿಂಗಳಿಗೊಮ್ಮೆ ಮಾತ್ರ ಅಳತೆ. 1977ರಲ್ಲಿ ಅಮೆರಿಕದ ಆರೋಗ್ಯ ಅಂಕಿಅಂಶ ಕೇಂದ್ರ ಮೂರು ವರ್ಷದೊಳಗಿನ ಮಕ್ಕಳ ಪಟ್ಟಿಯನ್ನು ಈ ಅಳತೆಗಳಿಂದ ಮಾಡಿತು. ವಿಶ್ವ ಆರೋಗ್ಯ ಸಂಸ್ಥೆ ಅದನ್ನೇ ಎಲ್ಲ ದೇಶಗಳಿಗೂ ಹೇಳಿತು. ನಮ್ಮ ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾದಾಗ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ತಿ.ನರಸೀಪುರ. ಅಂಗನವಾಡಿಗಳಲ್ಲಿ ಮಕ್ಕಳನ್ನು ಅಮೆರಿಕದ್ದೇ ಇನ್ನೊಂದು ಪಟ್ಟಿಯ, ಅಂದರೆ ಬಾಸ್ಟನ್ ಊರಿನ ಮಕ್ಕಳ, ತೂಕಕ್ಕೆ ಹೋಲಿಸುವ ಪದ್ಧತಿ ಬಂತು. ಅದರ ಶೇ. 80ಕ್ಕಿಂತ ಹೆಚ್ಚಿದ್ದರೆ ಮಗು ಸರಿ ಎಂದು ಲೆಕ್ಕ.

ಎದೆಹಾಲಿನ ಮಗು ಬೆಳೆಯುವ ರೀತಿಯೇ ಬೇರೆ. ಮೊದಲ ಎರಡು ಮೂರು ತಿಂಗಳು ಅದು ಸರಸರ ತೂಕ ಏರುತ್ತದೆ. ಆಮೇಲೆ ಏರಿಕೆ ನಿಧಾನವಾಗುತ್ತದೆ. ಬಾಟ್ಲಿ ಮಗು ಅಷ್ಟು ನಿಧಾನ ಮಾಡುವುದಿಲ್ಲ. 1977ರ ಪಟ್ಟಿಯ ಮೇಲೆ ಎದೆಹಾಲಿನ ಆರೋಗ್ಯವಂತ ಮಗುವಿನ ಚುಕ್ಕೆಗಳನ್ನು ಇಟ್ಟರೆ, ಮೂರ್ನಾಲ್ಕು ತಿಂಗಳಿನಿಂದ ಗೆರೆ ಕೆಳಕ್ಕೆ ಬಾಗಿದಂತೆ ಕಾಣುತ್ತಿತ್ತು. ಒಂದು ವರ್ಷದ ಗಂಡು ಮಗುವಿನ ನಡುಮಟ್ಟದ ತೂಕ ಆ ಪಟ್ಟಿಯಲ್ಲಿ 10.2 ಕಿಲೋ. ಎದೆಹಾಲಿನ ಮಕ್ಕಳಿಂದ ಮಾಡಿದ ಈಗಿನ ಪಟ್ಟಿಯಲ್ಲಿ 9.6 ಕಿಲೋ. ಈ 600 ಗ್ರಾಂ ವ್ಯತ್ಯಾಸ ಎಷ್ಟು ತಾಯಂದಿರ ನಿದ್ದೆ ಕೆಡಿಸಿರಬಹುದು, ಯೋಚಿಸಿ. ಮಗು ಆಡುತ್ತಿದೆ, ನಗುತ್ತಿದೆ, ದಿನಕ್ಕೆ ಆರೇಳು ಸಲ ಉಚ್ಚೆ ಹೊಯ್ಯುತ್ತಿದೆ. ಕಾಗದ ಮಾತ್ರ ಹಾಲು ಸಾಲದು ಎನ್ನುತ್ತದೆ.

ಇದೇ ಹೊತ್ತಿಗೆ ಡಬ್ಬಿಯ ವಿರುದ್ಧ ಜನ ಎದ್ದಿದ್ದರು. 1974ರಲ್ಲಿ ಬ್ರಿಟನ್ನಿನ ವಾರ್ ಆನ್ ವಾಂಟ್ ಸಂಸ್ಥೆ ಬಡ ದೇಶಗಳಲ್ಲಿ ಡಬ್ಬಿ ಹಾಲಿನ ಮಾರಾಟದ ಬಗ್ಗೆ ಪುಸ್ತಿಕೆ ತಂದಿತು. 1977ರಲ್ಲಿ ಅಮೆರಿಕದಲ್ಲಿ ನೆಸ್ಲೆ ಬಹಿಷ್ಕಾರ ಶುರುವಾಯಿತು. 1981ರ ಮೇನಲ್ಲಿ ಜಿನೀವಾದ ವಿಶ್ವ ಆರೋಗ್ಯ ಸಭೆ ಎದೆಹಾಲಿನ ಬದಲಿಗೆ ಮಾರುವ ಪದಾರ್ಥಗಳ ಪ್ರಚಾರಕ್ಕೆ ನಿಯಮ ಮಾಡಿತು. 118 ದೇಶಗಳು ಪರವಾಗಿದ್ದವು, ವಿರುದ್ಧ ಮತ ಹಾಕಿದ್ದು ಅಮೆರಿಕ ಒಂದೇ. ಭಾರತ 1992ರಲ್ಲಿ ಕಾನೂನು ತಂದಿತು, 2003ರಲ್ಲಿ ಅದನ್ನು ಬಿಗಿ ಮಾಡಿತು. ಎರಡು ವರ್ಷದೊಳಗಿನ ಮಕ್ಕಳ ಡಬ್ಬಿ ಆಹಾರಕ್ಕೂ ಹಾಲೂಡಿಸುವ ಬಾಟ್ಲಿಗೂ ಜಾಹೀರಾತು ಕೊಡುವಂತಿಲ್ಲ. ಹಾಲಿನ ಡಬ್ಬಿಯ ಮೇಲೆ ತಾಯಿ ಮಗುವಿನ ಚಿತ್ರ ಹಾಕುವಂತಿಲ್ಲ. ಕಂಪನಿಗಳು ವೈದ್ಯರ ಸಮ್ಮೇಳನಕ್ಕೆ ದುಡ್ಡು ಕೊಡುವಂತಿಲ್ಲ. ನಮ್ಮ ಟಿವಿಯಲ್ಲಿ ಹಾಲಿನ ಪುಡಿಯ ಗುಂಡು ಮಗು ಕಾಣದೇ ಹೋದದ್ದು ಇದರಿಂದಲೇ. ಮಕ್ಕಳ ಪರವಾಗಿ ನಮ್ಮ ದೇಶ ಮಾಡಿದ ಗಟ್ಟಿ ಕಾನೂನುಗಳಲ್ಲಿ ಇದೂ ಒಂದು.

ಪಟ್ಟಿ ಬದಲಾಗಲು 2006ರವರೆಗೆ ಕಾಯಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಹೀಗೆ ಆರು ದೇಶಗಳ ಸುಮಾರು 8,500 ಮಕ್ಕಳನ್ನು ಅಳೆಯಿತು. ಭಾರತದ ಮಕ್ಕಳು ದಕ್ಷಿಣ ದೆಹಲಿಯವರು. ಅಳತೆಗೆ ಆರಿಸಿದ್ದು ಎದೆಹಾಲು ಕುಡಿದ, ಅನುಕೂಲವಂತ ಮನೆಗಳ, ತಾಯಿ ಬೀಡಿ ಸಿಗರೇಟು ಸೇದದ ಮಕ್ಕಳನ್ನು. ಎಲ್ಲ ದೇಶಗಳಲ್ಲೂ ಮಕ್ಕಳು ಹೆಚ್ಚುಕಡಿಮೆ ಒಂದೇ ಥರ ಉದ್ದ ಬೆಳೆದರು. ಭಾರತ 2008ರಲ್ಲಿ ಈ ಪಟ್ಟಿಯನ್ನು ಅಂಗನವಾಡಿಗೆ ತಂದಿತು. ಈಗ ತಾಯಿ ಕಾರ್ಡಿನಲ್ಲಿರುವುದು ಇದೇ.

ಹೊಸ ಪಟ್ಟಿ ಬರೀ ಸಮಾಧಾನ ಹೇಳಲಿಲ್ಲ. ಆರು ತಿಂಗಳಿನ ನಂತರದ ವಯಸ್ಸಿನಲ್ಲಿ ತೂಕ ಕಡಿಮೆ ಎನಿಸಿಕೊಳ್ಳುವ ಮಕ್ಕಳ ಲೆಕ್ಕ ಇಳಿಯಿತು. ಮೊದಲ ಆರು ತಿಂಗಳಲ್ಲಿ ಮಾತ್ರ ಏರಿತು. ಕೊರತೆ ಹುಟ್ಟುವ ಮೊದಲೇ, ತಾಯಿಯ ತಟ್ಟೆಯಲ್ಲೇ ಶುರುವಾಗಿದೆ ಎಂದು ಇದರಿಂದ ಗೊತ್ತಾಗುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಜೋಪಾನವಾಗಿಟ್ಟ ಹೆರಿಗೆ ದಾಖಲೆಗಳೂ ಇದಕ್ಕೆ ಸಾಕ್ಷಿ. ಅಲ್ಲಿ ಹುಟ್ಟಿದವರನ್ನು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡಿತು. ದೆಹಲಿಯಲ್ಲಿ ಹುಟ್ಟಿನಿಂದ ಅಳೆಯುತ್ತಾ ಬಂದ ಮಕ್ಕಳಲ್ಲಿ, ಎರಡು ವರ್ಷದವರೆಗೆ ಸಣಕಲಾಗಿದ್ದು ಆಮೇಲೆ ಬೇಗ ಬೇಗ ದಪ್ಪ ಆದವರಿಗೆ ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚಿತ್ತು. ಅಂದರೆ ಸಣ್ಣ ಮಗುವನ್ನು ಹೇಗಾದರೂ ಗುಂಡು ಮಾಡಿಬಿಡೋಣ ಎಂಬ ಅವಸರವೂ ಒಳ್ಳೆಯದಲ್ಲ.

ಆರು ತಿಂಗಳು ತುಂಬಿದ ಮೇಲಿನ ಊಟದಲ್ಲಿ ನಾವು ಹೆಚ್ಚು ಸೋತಿದ್ದೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 6ರಿಂದ 23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಊಟ ಸಿಗುತ್ತಿದ್ದದ್ದು ನೂರಕ್ಕೆ 11 ಮಕ್ಕಳಿಗೆ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 32.9ರಷ್ಟು ತೂಕ ಕಡಿಮೆ ಇದ್ದವರು, ಶೇ. 3.2ರಷ್ಟು ಅತಿ ತೂಕದವರು.

ಡಬ್ಬಿ ಇಲ್ಲಿಯೂ ಕಾದಿದೆ. 2024ರ ಏಪ್ರಿಲ್‌ನಲ್ಲಿ ಸ್ವಿಸ್ ಸಂಸ್ಥೆ ಪಬ್ಲಿಕ್ ಐ, ಭಾರತದಲ್ಲಿ ನೆಸ್ಲೆ ಮಾರುವ ಮಕ್ಕಳ ಆಹಾರ ಸೆರೆಲ್ಯಾಕ್‌ನಲ್ಲಿ ಒಂದು ಸಲದ ಊಟಕ್ಕೆ ಸರಾಸರಿ 2.7 ಗ್ರಾಂನಷ್ಟು ಸಕ್ಕರೆ ಸೇರಿಸಿದ್ದನ್ನು ಹೊರಗೆಡವಿತು. ಸ್ವಿಟ್ಜರ್ಲೆಂಡಿನಲ್ಲಿ ಅದೇ ಕಂಪನಿ ಸಕ್ಕರೆ ಹಾಕದೆ ಮಾರುತ್ತಿತ್ತು. ಗದ್ದಲವಾದ ಮೇಲೆ, ಅದೇ ವರ್ಷ ಸಂಸ್ಕರಿಸಿದ ಸಕ್ಕರೆ ಇಲ್ಲದ ಬಗೆಗಳು ಇಲ್ಲಿಗೂ ಬಂದವು. ಇದನ್ನು ಮೊದಲೇ ಮಾಡಬಹುದಿತ್ತು.

ನಮ್ಮ ಅಡುಗೆಮನೆಯಲ್ಲಿ ರಾಗಿ ಸರಿ ಇದೆ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಸಣ್ಣಗೆ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯುವುದು ಅಜ್ಜಿಯರಿಗೆ ಗೊತ್ತು. ಮೊಳಕೆ ಯಾಕೆ ಬೇಕು ಎಂಬುದನ್ನು 1980ರ ದಶಕದಲ್ಲಿ ಸಿಎಫ್‌ಟಿಆರ್‌ಐನ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ ಅವರ ಕೆಲಸ ತೋರಿಸಿತು. ಮೊಳಕೆ ಬರಿಸದ ಹಿಟ್ಟು ಬೇಯುವಾಗ ಉಬ್ಬಿ ಗಟ್ಟಿಯಾಗುತ್ತದೆ. ಮಗುವಿಗೆ ನುಂಗಿಸಲು ತುಂಬಾ ನೀರು ಹಾಕಬೇಕಾಗುತ್ತದೆ. ಎಂಟು ಕಿಲೋ ಮಗುವಿನ ಹೊಟ್ಟೆ ಹಿಡಿಯುವುದು ಸುಮಾರು 250 ಮಿಲಿ ಲೀಟರ್. ಅದರಲ್ಲಿ ಬರೀ ನೀರೇ ತುಂಬಿದರೆ ಮೈಗೆ ಏನು ಸಿಗುತ್ತದೆ? ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಕತ್ತರಿಸುತ್ತದೆ, ಸರಿ ತೆಳುವಾಗೇ ಉಳಿಯುತ್ತದೆ. ಅಷ್ಟೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಿಡಿಸುತ್ತದೆ. ಇಬ್ಬರೂ ಅದಕ್ಕೆ ಹೆಸರುಕಾಳನ್ನೂ ಸೇರಿಸಿದ್ದರು. ಮನೆಯಲ್ಲಿ ಮಾಡುವಾಗ ಮೇಲೆ ಒಂದು ಚಮಚ ತುಪ್ಪ ಬಿಟ್ಟರೆ ಶಕ್ತಿ ಇನ್ನೂ ಹೆಚ್ಚುತ್ತದೆ. ಸಕ್ಕರೆ ಬೇಕಿಲ್ಲ.