ಸಾಫ್ಟ್ ಸ್ಕಿಲ್ಸ್‌ಗೆ ಬೇರೆ ಕ್ಲಾಸ್ ಬೇಕಾ, ಪಾಠದೊಳಗೇ ಕಲಿಸೋಕೆ ಆಗುತ್ತಾ?

ಪ್ರಶ್ನೆ: ನಾನು ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ಮಕ್ಕಳಿಗೆ ರಿಪೋರ್ಟ್ ಬರೆಯೋಕೆ ಬರಲ್ಲ, ನಾಲ್ಕು ಜನರ ಮುಂದೆ ಮಾತಾಡೋಕೆ ಬರಲ್ಲ, ಜೊತೆಯವರೊಂದಿಗೆ ಹೊಂದಿಕೊಂಡು ಕೆಲಸ ಮಾಡೋಕೆ ಬರಲ್ಲ ಅಂತ ಕಂಪನಿಯವರು ಹೇಳುತ್ತಲೇ ಇರುತ್ತಾರೆ. ಕೊನೆ ವರ್ಷದಲ್ಲಿ ಹೊರಗಿನವರನ್ನು ಕರೆಸಿ ತರಬೇತಿ ಕೊಡಿಸುತ್ತೇವೆ. ಅಷ್ಟು ಸಾಕಾ? ನನ್ನ ಸಿಲಬಸ್ಸೇ ಮುಗಿಯುತ್ತಿಲ್ಲ, ಇದನ್ನೂ ನಾನೇ ಕಲಿಸಬೇಕಾ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ಅಷ್ಟು ಸಾಕಾಗಲ್ಲ. ಮತ್ತೆ ಹೌದು, ನೀವೇ ಕಲಿಸಬೇಕು. ಗಾಬರಿ ಬೇಡ, ಹೊಸ ಪೇಪರ್ ಸೇರಿಸಿ ಅಂತ ನಾನು ಹೇಳುತ್ತಿಲ್ಲ. ಲ್ಯಾಬ್, ಪ್ರಾಜೆಕ್ಟ್, ವೈವಾ ಹೇಗೂ ನಡೆಯುತ್ತಿವೆ. ಅವನ್ನೇ ಸ್ವಲ್ಪ ಬೇರೆ ಥರ ಮಾಡಿದರೆ ಆಯಿತು.

ಕೊನೆ ವರ್ಷದ ತರಬೇತಿಯನ್ನು ನಾನು ಬೈಯುವುದಿಲ್ಲ. ರೆಸ್ಯೂಮೆ ತಿದ್ದುವುದು, ಅಣಕು ಸಂದರ್ಶನ, ಗುಂಪು ಚರ್ಚೆ, ಇವೆಲ್ಲ ಸಂದರ್ಶನದ ಬಾಗಿಲು ದಾಟುವುದಕ್ಕೆ ಬೇಕು. ಕೆಲಸಕ್ಕೆ ಸೇರಿದ ಮೇಲೆ ಬೇಕಾಗುವುದೇ ಬೇರೆ. ಲೆಕ್ಕದಲ್ಲಿ ಏನೋ ತಪ್ಪಿದೆ ಅನ್ನಿಸಿದಾಗ ಅದನ್ನು ಹಿರಿಯರಿಗೆ ಹೇಗೆ ಹೇಳಬೇಕು, ನಾನು ಅರ್ಧ ಮಾಡಿಟ್ಟ ಕೆಲಸವನ್ನು ನಾಳೆ ಇನ್ನೊಬ್ಬರು ಮುಂದುವರಿಸುವ ಹಾಗೆ ಹೇಗೆ ಬರೆದಿಡಬೇಕು, ಶುಕ್ರವಾರದೊಳಗೆ ಆಗಲ್ಲ ಅನ್ನುವುದನ್ನು ಶುಕ್ರವಾರ ಸಂಜೆ ಹೇಳದೆ ಮಂಗಳವಾರವೇ ಹೇಳುವುದು ಹೇಗೆ. ಇದು ಎರಡು ದಿನದ ಕಾರ್ಯಾಗಾರದಲ್ಲಿ ಬರುವ ವಿದ್ಯೆ ಅಲ್ಲ. ಮಾಡಬೇಕು, ಯಾರಾದರೂ ತಿದ್ದಬೇಕು, ಮತ್ತೆ ಮಾಡಬೇಕು.

ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕಥೆಯನ್ನು ನೀವೂ ಕ್ಲಾಸಿನಲ್ಲಿ ಹೇಳಿರಬಹುದು. 1999ರ ಸೆಪ್ಟೆಂಬರ್‌ನಲ್ಲಿ ಮಂಗಳ ಗ್ರಹ ತಲುಪುವ ಹೊತ್ತಿಗೆ ನೌಕೆ ಕಳೆದುಹೋಯಿತು. ಒಂದು ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಟ್ಟಿತ್ತು, ಅದನ್ನು ಬಳಸಿದವರು ಅಂಕಿ ನ್ಯೂಟನ್ ಅನ್ನುವ ಬೇರೆ ಯೂನಿಟ್ಟಿನಲ್ಲಿದೆ ಅಂದುಕೊಂಡಿದ್ದರು. ಎಲ್ಲರೂ ಕಥೆಯನ್ನು ಇಲ್ಲಿಗೇ ನಿಲ್ಲಿಸಿ 'ಯೂನಿಟ್ ಬರೆಯಿರಿ' ಅನ್ನುತ್ತಾರೆ. ನಮಗೆ ಬೇಕಾದ ಭಾಗ ಇರುವುದು ಮುಂದೆ. ನೌಕೆಯ ದಾರಿ ನೋಡಿಕೊಳ್ಳುತ್ತಿದ್ದವರಿಗೆ ಹಾರಾಟದ ನಡುವೆಯೇ ಅಂಕಿಗಳು ಕೂಡಿಬರುತ್ತಿಲ್ಲ ಅನ್ನಿಸಿತ್ತು. ಆದರೆ ಆ ಅನುಮಾನ ಗಟ್ಟಿಯಾಗಿ ದಾಖಲಾಗಿ, ಕ್ರಮ ಕೈಗೊಳ್ಳಬೇಕಾದವರ ಮೇಜಿಗೆ ಸರಿಯಾಗಿ ತಲುಪಲೇ ಇಲ್ಲ. ತನಿಖಾ ಮಂಡಳಿ ಕೊಟ್ಟ ಕಾರಣಗಳಲ್ಲಿ ತಂಡಗಳ ನಡುವಿನ ಸಂವಹನದ ಕೊರತೆಯೂ ಇತ್ತು. ಅವರಿಗೆ ಗಣಿತ ಬರುತ್ತಿರಲಿಲ್ಲ ಅಂತ ಯಾರಾದರೂ ಹೇಳೋಕೆ ಆಗುತ್ತಾ?

ಇದು ಹೊಸ ಬೇಡಿಕೆಯೂ ಅಲ್ಲ. ಇಂಜಿನಿಯರಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಅಮೆರಿಕದ ಸಂಸ್ಥೆ ಎಬಿಇಟಿ 1990ರ ದಶಕದ ಕೊನೆಯಲ್ಲೇ ಪದವೀಧರರಿಗೆ ಬೇಕಾದ 11 ಗುಣಗಳನ್ನು ಪಟ್ಟಿ ಮಾಡಿತ್ತು. ತಂಡದ ಕೆಲಸ, ನೀತಿ, ಸಂವಹನ ಎಲ್ಲ ಅದರಲ್ಲಿದ್ದವು. ಆಮೇಲೆ ಎಷ್ಟೋ ಕಡೆ ಆಗಿದ್ದೇನು ಅಂದರೆ, ಕೋಷ್ಟಕದಲ್ಲಿ ಟಿಕ್ ಹಾಕುವ ಕೆಲಸ ಜಾಸ್ತಿಯಾಯಿತು, ಕಲಿಸುವುದು ಮಾತ್ರ ಇದ್ದಲ್ಲೇ ಇತ್ತು.

ಸರಿ, ಎಲ್ಲಿಂದ ಶುರು ಮಾಡುವುದು? ಲ್ಯಾಬ್ ರಿಪೋರ್ಟಿನಿಂದ. ಉದ್ದೇಶ, ಉಪಕರಣ, ವಿಧಾನ, ಫಲಿತಾಂಶ ಅಂತ ಹಿಂದಿನ ಬ್ಯಾಚಿನ ರೆಕಾರ್ಡ್ ನೋಡಿಕೊಂಡು ಬರೆಯುವುದರಿಂದ ಕೈಬರಹ ಬಿಟ್ಟರೆ ಬೇರೇನೂ ಸುಧಾರಿಸುವುದಿಲ್ಲ. ಇಡೀ ಸೆಮಿಸ್ಟರಿನಲ್ಲಿ ಎರಡೇ ಎರಡು ರಿಪೋರ್ಟನ್ನು ಬೇರೆ ಥರ ಕೇಳಿ. ಪಂಪಿನ ಪ್ರಯೋಗ ಅಂದುಕೊಳ್ಳಿ. 'ಈ ಪಂಪನ್ನು ಕೊಳ್ಳಬೇಕೋ ಬೇಡವೋ ಅಂತ ತೀರ್ಮಾನ ಮಾಡುವ ಮ್ಯಾನೇಜರಿಗೆ ಅರ್ಧ ಪುಟ ಬರೆ. ಅವರಿಗೆ ಫ್ಲೂಯಿಡ್ ಮೆಕ್ಯಾನಿಕ್ಸ್ ಗೊತ್ತಿಲ್ಲ, ಟೈಮೂ ಇಲ್ಲ.' ಇಷ್ಟೇ ಪ್ರಶ್ನೆ. ಮೊದಲ ಸಲ 'ಪ್ರಯೋಗವನ್ನು ಯಶಸ್ವಿಯಾಗಿ ನಡೆಸಲಾಯಿತು' ಅಂತ ಶುರು ಮಾಡುವವರೇ ಹೆಚ್ಚು. ಯಾರು ನಡೆಸಿದರು, ಏನು ಸಿಕ್ಕಿತು, ಎಷ್ಟು ನಂಬಬಹುದು, ಯಾವುದೂ ಇರುವುದಿಲ್ಲ. ಅಂಕ ಹಾಕಬೇಡಿ. 'ಮೊದಲ ಸಾಲಿನಲ್ಲೇ ಉತ್ತರ ಬರಲಿ', 'ಈ ದಕ್ಷತೆ ತಯಾರಕರು ಹೇಳಿದ್ದಕ್ಕಿಂತ ಕಡಿಮೆ ಯಾಕೆ?', 'ಇನ್ನೊಂದು ಸಲ ಅಳೆದರೆ ಇದೇ ಬರುತ್ತಾ?' ಅಂತ ಎರಡು ಮೂರು ಸಾಲು ಬರೆದು ವಾಪಸ್ ಕೊಡಿ. ಅಂಕ ಎರಡನೇ ಪ್ರತಿಗೆ. ತಿದ್ದುವ ಹೊರೆ ಹೆಚ್ಚಾಗುತ್ತಲ್ಲ ಅಂದರೆ, ಉಳಿದ ರೆಕಾರ್ಡುಗಳನ್ನು ಕಡಿಮೆ ಮಾಡಿ. ಅವನ್ನು ಯಾರೂ ಓದುತ್ತಿರಲಿಲ್ಲ, ಅಲ್ವಾ?

ತಂಡದ ಕೆಲಸದ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಐದು ಜನರಿಗೆ ಒಂದು ಪ್ರಾಜೆಕ್ಟ್ ಕೊಟ್ಟ ಮಾತ್ರಕ್ಕೆ ತಂಡದ ಕೆಲಸ ಕಲಿಸಿದ ಹಾಗಾಗುವುದಿಲ್ಲ. ಒಬ್ಬ ಪೂರ್ತಿ ಮಾಡುತ್ತಾನೆ, ಒಬ್ಬಳು ರಿಪೋರ್ಟ್ ಬರೆಯುತ್ತಾಳೆ, ಉಳಿದ ಮೂವರ ಹೆಸರು ಮುಖಪುಟದಲ್ಲಿ ಸುಮ್ನೆ ಕೂತಿರುತ್ತದೆ. (ಬರೆಯುವ ಕೆಲಸ ಹುಡುಗಿಯರ ತಲೆಗೇ ಯಾಕೆ ಬೀಳುತ್ತದೆ ಅಂತ ಒಮ್ಮೆ ಗಮನಿಸಿ. ಕೆಲಸಗಳನ್ನು ಸರದಿಯ ಮೇಲೆ ಬದಲಾಯಿಸಿ.) ತಂಡಗಳನ್ನು ನೀವೇ ಮಾಡಿ, ಸ್ನೇಹಿತರ ಗುಂಪಿಗೆ ಬಿಡಬೇಡಿ. ವಾರಕ್ಕೊಮ್ಮೆ ಮೂರು ಸಾಲಿನ ಟಿಪ್ಪಣಿ ತರಿಸಿ: ಯಾರು, ಏನು, ಯಾವಾಗಿನ ಒಳಗೆ. ವೈವಾದಲ್ಲಿ ಒಬ್ಬರು ಮಾಡಿದ ಭಾಗದ ಪ್ರಶ್ನೆಯನ್ನು ಇನ್ನೊಬ್ಬರಿಗೆ ಕೇಳಿ. ಹೀಗೆ ಕೇಳುತ್ತೀರಿ ಅಂತ ಮೊದಲ ದಿನವೇ ಹೇಳಿರಬೇಕು. ಜೊತೆಯವರ ಕೆಲಸದ ಬಗ್ಗೆ ಹೆಸರು ಹೊರಗೆ ಬರದ ಹಾಗೆ ಅಭಿಪ್ರಾಯ ಬರೆಸಿ, ಅದೂ ಸೆಮಿಸ್ಟರಿನ ನಡುವೆ. ಕೊನೆಯಲ್ಲಿ ಬರೆಸಿದರೆ ಅದು ಬರೀ ದೂರು. ನಡುವೆ ಆದರೆ ತಿದ್ದಿಕೊಳ್ಳಲು ಸಮಯ ಇರುತ್ತದೆ.

ಇಂಟರ್ನ್‌ಶಿಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆಲಸದ ಜಾಗ ಮತ್ತು ಕ್ಲಾಸ್ ಎರಡರಲ್ಲೂ ಸರದಿಯ ಮೇಲೆ ಕಲಿಸುವ ಪದ್ಧತಿಯನ್ನು ಹರ್ಮನ್ ಷ್ನೈಡರ್ 1906ರಲ್ಲೇ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದರು. ಅದರ ಜೀವ ಇದ್ದದ್ದು ಹೋಗುವುದರಲ್ಲಷ್ಟೇ ಅಲ್ಲ, ವಾಪಸ್ ಬರುವುದರಲ್ಲೂ. ಬಂದವರನ್ನು ಕೂರಿಸಿಕೊಂಡು 'ಅಲ್ಲಿ ನೀನು ತೆಗೆದುಕೊಂಡ ಒಂದು ತೀರ್ಮಾನ ಹೇಳು, ಯಾಕೆ ತೆಗೆದುಕೊಂಡೆ' ಅಂತ ಯಾರೂ ಕೇಳದಿದ್ದರೆ ಸರ್ಟಿಫಿಕೇಟ್ ಒಂದು ಉಳಿಯುತ್ತದೆ, ಅಷ್ಟೇ.

ಸಂದರ್ಶನಕ್ಕೂ ಇದೇ ಉಪಯೋಗಕ್ಕೆ ಬರುತ್ತದೆ. 'ಪ್ರಾಜೆಕ್ಟಿನಲ್ಲಿ ನೀವು ಏನು ಮಾಡಿದಿರಿ?' ಅಂದಾಗ ಬಹಳ ಜನ 'ನಾವು, ನಾವು' ಅಂತಲೇ ಉತ್ತರಿಸಿ ಸಿಕ್ಕಿಹಾಕಿಕೊಳ್ಳುತ್ತಾರೆ. ಮೊದಲ ವರ್ಷದಿಂದಲೇ ಪ್ರತಿ ಪ್ರಾಜೆಕ್ಟ್ ಮುಗಿದಾಗ ಒಂದು ಪ್ಯಾರಾ ಬರೆದಿಡಲು ಹೇಳಿ: ಏನು ಕೆಟ್ಟಿತು, ನಾನು ಏನು ಮಾಡಿದೆ, ಸರಿಹೋಯಿತು ಅಂತ ಹೇಗೆ ಗೊತ್ತಾಯಿತು. ಕೊನೆ ವರ್ಷ ರೆಸ್ಯೂಮೆ ಬರೆಯುವಾಗ ಅದರಿಂದಲೇ ಎತ್ತಿಕೊಳ್ಳಬಹುದು.

ಮಾತೇ ಆಡದ ವಿದ್ಯಾರ್ಥಿಗಳನ್ನು ಸೀದಾ ವೇದಿಕೆಗೆ ಹತ್ತಿಸಬೇಡಿ. ಲ್ಯಾಬಿನ ಮೇಜಿನ ಹತ್ತಿರ ಇಬ್ಬರಿಗೆ ವಿವರಿಸಲಿ, ಆಮೇಲೆ ಆರು ಜನರಿಗೆ, ಕೊನೆಗೆ ಇಡೀ ಕ್ಲಾಸಿಗೆ.

ಇನ್ನು ಅಂಕ. ಇದಕ್ಕೆಲ್ಲ ಅಂಕ ಇಡಲೇಬೇಕು, ಇಲ್ಲದಿದ್ದರೆ ಪರೀಕ್ಷೆ ಹತ್ತಿರ ಬಂದ ತಕ್ಷಣ ಮಕ್ಕಳು ಮೊದಲು ಕೈಬಿಡುವುದು ಇದನ್ನೇ. ಲ್ಯಾಬಿನ ಅಂಕದಲ್ಲಿ ಐದನೇ ಒಂದು ಭಾಗ ಇಟ್ಟರೂ ನಡೆಯುತ್ತದೆ. ಯಾವುದಕ್ಕೆ ಎಷ್ಟು ಅಂತ ಕೆಲಸ ಕೊಡುವ ದಿನವೇ ಹೇಳಿ, ಜೊತೆಗೆ ಚೆನ್ನಾಗಿರುವ ಒಂದು ಮಾದರಿ, ಚೆನ್ನಾಗಿಲ್ಲದ ಒಂದು ಮಾದರಿ ತೋರಿಸಿ.