ಕ್ಯಾಟಲಾಗಿನ ಸ್ಪೀಡ್ ನೋಡಿ ಬಿಲ್ಲು ಕೊಳ್ಳಬೇಡಿ

ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ಗಾಲಿಗಳಿರುವ ಆಧುನಿಕ ಬಿಲ್ಲು) ಕೊಳ್ಳಲು ಹೊರಟವರೆಲ್ಲ ಮೊದಲು ಕೇಳುವುದು ಒಂದೇ: "ಸರ್, ಇದರ ಸ್ಪೀಡ್ ಎಷ್ಟು?" ಆ ಬಿಲ್ಲು ನನ್ನ ಕೈಗೆ ಹೊಂದುತ್ತಾ ಅಂತ ಯಾರೂ ಕೇಳುವುದಿಲ್ಲ. ನನಗೆ ಬೇಜಾರಾಗುವುದು ಇಲ್ಲೇ.

ಕ್ಯಾಟಲಾಗಿನಲ್ಲಿ ಸೆಕೆಂಡಿಗೆ 340 ಅಡಿ ಅಂತ ಇರುತ್ತದೆ. ಸುಳ್ಳಲ್ಲ. ಆದರೆ ಐಬಿಒ (ಅಮೆರಿಕದ ಬಿಲ್ಲುಗಾರರ ಸಂಸ್ಥೆ) ಪದ್ಧತಿಯ ಆ ಅಳತೆ 70 ಪೌಂಡ್ ತೂಕ (ಬಿಲ್ಲನ್ನು ಎಳೆಯಲು ಬೇಕಾದ ಬಲ), 30 ಇಂಚು ಡ್ರಾ (ಸ್ಟ್ರಿಂಗ್ ಎಳೆಯುವ ಉದ್ದ), 350 ಗ್ರೇನ್ (ಸುಮಾರು 23 ಗ್ರಾಂ) ಬಾಣದ್ದು. ಐದೂವರೆ ಅಡಿ ಎತ್ತರದವರ ಡ್ರಾ ಸಾಮಾನ್ಯವಾಗಿ 26–27 ಇಂಚು. ಒಂದಿಂಚು ಕಮ್ಮಿಯಾದರೆ ಸುಮಾರು 10 ಅಡಿ ಹೋಯಿತು. ವರ್ಲ್ಡ್ ಆರ್ಚರಿ (ಬಿಲ್ಲುಗಾರಿಕೆಯ ಅಂತರರಾಷ್ಟ್ರೀಯ ಸಂಸ್ಥೆ) ಸ್ಪರ್ಧೆಯಲ್ಲಿ 60 ಪೌಂಡ್ ಮೀರುವಂತಿಲ್ಲ, ಅಲ್ಲೂ ಒಂದಷ್ಟು ಹೋಗುತ್ತದೆ. ಸ್ಟ್ರಿಂಗ್‌ಗೆ ಪೀಪ್ (ಗುರಿ ನೋಡುವ ಸಣ್ಣ ರಂಧ್ರ), ಡಿ-ಲೂಪ್ (ಹಿಡಿದು ಎಳೆಯುವ ಕುಣಿಕೆ) ಕಟ್ಟುವ ಹೊತ್ತಿಗೆ ನೀವು 280ರ ಆಸುಪಾಸಿಗೆ ಬಂದಿರುತ್ತೀರಿ.

ಸರಿ, ಆ ಸ್ಪೀಡ್ ಎಲ್ಲಿಂದ ಬರುತ್ತದೆ? ಒಂದಷ್ಟು ಬ್ರೇಸ್ ಹೈಟ್‌ನಿಂದ. ಬಿಲ್ಲು ಸುಮ್ನೆ ಇರುವಾಗ ಹಿಡಿಯ ಒಳತಿರುವಿನಿಂದ ಸ್ಟ್ರಿಂಗ್‌ವರೆಗಿನ ಅಂತರ ಅದು. 7 ಇಂಚಿನ ಬದಲು 6 ಇಂಚು ಇದ್ದರೆ ಸ್ಟ್ರಿಂಗ್ ಬಾಣವನ್ನು ಇನ್ನೂ ಒಂದು ಇಂಚು ದೂರ ತಳ್ಳುತ್ತದೆ, ವೇಗ ಹೆಚ್ಚುತ್ತದೆ. ಆದರೆ ಅಂತರ ಹಾಗೆ ಕಮ್ಮಿ ಮಾಡಲು ಹಿಡಿಯನ್ನೇ ಸ್ಟ್ರಿಂಗ್ ಕಡೆಗೆ ಹಿಂದೆ ಸರಿಸಿರುತ್ತಾರೆ. ಆಗ ಮಣಿಕಟ್ಟು ಒಂದು ಚೂರು ತಿರುಚಿದರೂ ಬಾಣ ಪಕ್ಕಕ್ಕೆ ಹೋಗುತ್ತದೆ. ಬಾಣ ಸ್ಟ್ರಿಂಗ್‌ನಲ್ಲಿ ಜಾಸ್ತಿ ಹೊತ್ತು ಇರುವುದೇ ಇದಕ್ಕೆ ಕಾರಣ ಅಂತ ಹಲವರು ಹೇಳುತ್ತಾರೆ. ಆ ಸಮಯದ ವ್ಯತ್ಯಾಸ ತೀರಾ ಸಣ್ಣದು. ಹಿಡಿ ಎಲ್ಲಿದೆ ಅನ್ನುವುದೇ ಮುಖ್ಯ ಅಂತ ನನ್ನ ಅಭಿಪ್ರಾಯ.

ಬಿಲ್ಲಿನ ತುದಿಯ ಗಾಲಿ, ಅಂದರೆ ಕ್ಯಾಮ್‌ನದೂ ಇದೇ ಕತೆ. ಸ್ಪೀಡ್ ಕ್ಯಾಮ್ ಎಳೆಯುತ್ತಿದ್ದಂತೆ ಪೂರ್ತಿ ತೂಕಕ್ಕೆ ಏರುತ್ತದೆ, ಬಹುತೇಕ ಕೊನೆಯವರೆಗೂ ಬಿಡುವುದಿಲ್ಲ. ಪೂರ್ತಿ ಎಳೆದ ಮೇಲೆ ಬೆನ್ನು ಸ್ವಲ್ಪ ಸಡಿಲವಾದರೂ ಕೈಯನ್ನು ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ. 72 ಬಾಣಗಳ ಸುತ್ತಿನಲ್ಲಿ ಕೊನೆಕೊನೆಗೆ ಇದು ಎಷ್ಟು ಕಾಡುತ್ತದೆ ಅಂತ ಹೊಡೆದವರಿಗೇ ಗೊತ್ತು.

ಒಬ್ಬ ಹುಡುಗಿಗೆ ಅವಳ ಅಪ್ಪ ಪ್ರೀತಿಯಿಂದ ಬೇಟೆಯ ಬಿಲ್ಲು ಕೊಡಿಸಿದ್ದರು. ಆಕ್ಸಲ್‌ನಿಂದ ಆಕ್ಸಲ್‌ಗೆ (ಎರಡು ಕ್ಯಾಮ್‌ಗಳ ಅಚ್ಚುಗಳ ನಡುವೆ) 31 ಇಂಚು, ಬಲು ವೇಗ. ಅವಳು ಬಾಣ ಬಿಟ್ಟಾಗಲೆಲ್ಲ ಮುಂದಿನ ಸ್ಟೆಬಿಲೈಜರ್ (ಬಿಲ್ಲಿನ ಸಮತೋಲನಕ್ಕೆ ಸಿಕ್ಕಿಸುವ ಕೋಲು) ತುದಿ ಎಡಕ್ಕೆ ಹೊರಳುತ್ತಿತ್ತು. ಹೆಬ್ಬೆರಳಿನ ಬುಡ ಹಿಡಿಯನ್ನು ಒತ್ತುತ್ತಿತ್ತು. ಅದನ್ನು ತಿದ್ದಲು ತಿಂಗಳುಗಳೇ ಬೇಕು. ಅಷ್ಟರಲ್ಲಿ ಕ್ಲಬ್ಬಿನ ಹಳೆಯ 38 ಇಂಚಿನ ಟಾರ್ಗೆಟ್ ಬಿಲ್ಲು ಕೊಟ್ಟೆ. ಕೈ ಅದೇ, ತಪ್ಪೂ ಅದೇ, ಆದರೆ ಬಾಣಗಳು ಹತ್ತಿರ ಹತ್ತಿರ ಬೀಳತೊಡಗಿದವು. ಉದ್ದ ಬಿಲ್ಲು ಸುಲಭಕ್ಕೆ ತಿರುಗುವುದಿಲ್ಲ. ಸ್ಟ್ರಿಂಗ್ ಮೂಗಿಗೆ ಸರಿಯಾಗಿ ತಾಗುವುದರಿಂದ ಮುಖ ಪ್ರತಿ ಸಲ ಒಂದೇ ಕಡೆ ನಿಲ್ಲುತ್ತದೆ.

ಅಪ್ಪನಿಗೆ ಮಾತ್ರ ಸಮಾಧಾನವಿಲ್ಲ. "ಸ್ಲೋ ಆಯ್ತಲ್ವಾ ಸರ್?" ಆಯಿತು, ಆದರೆ ಎಷ್ಟು? 50 ಮೀಟರ್ ಅಂದರೆ 164 ಅಡಿ. ಸರಾಸರಿ 300 ಅಡಿ ವೇಗದ ಬಾಣಕ್ಕೆ 0.55 ಸೆಕೆಂಡ್ ಬೇಕು, 280ರದಕ್ಕೆ 0.59. ಗುರಿ ನಿಂತಲ್ಲೇ ಇದೆ, ದೂರ ಗೊತ್ತಿದೆ. ಸೈಟ್ (ಗುರಿ ಹಿಡಿಯುವ ಸಾಧನ) ಸ್ವಲ್ಪ ಕೆಳಗಿಳಿಸಿದರೆ ಮುಗಿಯಿತು. ದೂರವನ್ನು ಊಹಿಸಿ ಹೊಡೆಯುವ 3ಡಿ ಸ್ಪರ್ಧೆಯಲ್ಲಿ (ಪ್ರಾಣಿಗಳ ಪ್ರತಿಕೃತಿಗಳಿಗೆ ಗುರಿಯಿಡುವುದು) ವೇಗಕ್ಕೆ ಬೆಲೆ ಇದೆ, ಗಾಳಿಯಲ್ಲೂ ಸ್ವಲ್ಪ ಅನುಕೂಲ. ಇಲ್ಲ ಅನ್ನುವುದಿಲ್ಲ.

ಕೊಳ್ಳುವ ಮುಂಚೆ ಡ್ರಾ ಲೆಂಗ್ತ್ ಅಳೆಸಿಕೊಳ್ಳಿ. ಕೈ ಸೋತಿರುವಾಗ ಆ ಬಿಲ್ಲಿನಲ್ಲಿ ಹೊಡೆದು ನೋಡಿ. ಅಂಗಡಿಯಲ್ಲಿ ಬಾಣ ಹೂಡದೆ ಎಳೆದು ಬಿಡಬೇಡಿ ಮಾತ್ರ. ಲಿಂಬ್ (ಬಿಲ್ಲಿನ ಬಾಗುವ ತೋಳು) ಸೀಳಬಹುದು, ಕ್ಯಾಮ್ ಬಾಗಬಹುದು, ಚೂರು ಕಣ್ಣಿಗೂ ಸಿಡಿಯಬಹುದು.